ಗಾರ್ಡ್, ಸ್ವೀಪ್, ಪಾಸ್, ಸಬ್ಮಿಷನ್: ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಿಯು-ಜಿಟ್ಸು ಮ್ಯಾಟ್ ಮೇಲೆ ಹೊಸದಾಗಿ ಕಾಲಿಟ್ಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಾನೂ ಇವನ್ನೇ ಕೇಳಿದ್ದೆ. ಕೆಳಗಿನ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ತೂಕ ಎಲ್ಲಿದೆ, ಎದುರಾಳಿ ಯಾವ ಕೈ, ಯಾವ ಕಾಲು ಊರಿದ್ದಾರೆ. ಬೇಕೆಂದೇ ಹಾಗೆ ಬರೆದಿದ್ದೇನೆ. ತಂತ್ರಗಳ ಹೆಸರು ನೂರಾರು ಇರಬಹುದು, ಆದರೆ ಈ ಎರಡನ್ನು ಕಾಣುವ ಕಣ್ಣು ಬಂದ ಮೇಲೆಯೇ ನನಗೆ ಈ ಆಟ ಅರ್ಥವಾಗಲು ಶುರುವಾಯಿತು. ಓದಿದ್ದನ್ನು ಮಾತ್ರ ಕಲಿಸುವವರ ಕಣ್ಣೆದುರೇ ಮಾಡಿ ನೋಡಿ.

ಬೆನ್ನ ಮೇಲೆ ಮಲಗಿದರೆ ಸೋತ ಹಾಗೆ ಅಲ್ವಾ? ಗಾರ್ಡ್ ಅಂದ್ರೆ ಏನು?

ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಇಲ್ಲಿ ಹಾಗಲ್ಲ. ನೀವು ಅಂಗಾತ ಮಲಗಿದ್ದೀರಿ, ಆದರೆ ನಿಮ್ಮ ಕಾಲುಗಳು ನಿಮಗೂ ಎದುರಾಳಿಗೂ ನಡುವೆ ಅಡ್ಡ ಇವೆ. ಅದೇ ಗಾರ್ಡ್. ಕಾಲುಗಳು ಅಡ್ಡ ಇರುವಷ್ಟು ಹೊತ್ತು ಅವರು ನಿಮ್ಮ ಎದೆಯ ಮೇಲೆ ಕೂರಲಾರರು. ಕಾಲು ಕೈಗಿಂತ ಉದ್ದ, ಕೈಗಿಂತ ಗಟ್ಟಿ. ಸೊಂಟವೂ ಅದರ ಜೊತೆ ಸೇರಿದರೆ ಕೆಳಗಿರುವವರೇ ಆಟ ಆಡಿಸಬಹುದು.

ಜಪಾನಿನ ಜೂಡೋ ಪಟು ಮಿತ್ಸುಯೊ ಮಯೆಡಾ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರಿಂದ ಬಂದ ವಿದ್ಯೆಯನ್ನು ಕಾರ್ಲೋಸ್ ಗ್ರೇಸಿ, ಅವರ ತಮ್ಮ ಎಲಿಯೊ ಗ್ರೇಸಿ ಮತ್ತು ಅವರ ಮನೆತನದವರು ನೆಲದ ಮೇಲಿನ ಹೋರಾಟವಾಗಿ ಬೆಳೆಸಿದರು. ಗಾರ್ಡ್ ಎಂದರೇನು ಎಂದು ಹೊರಗಿನ ಜಗತ್ತಿಗೆ ಚೆನ್ನಾಗಿ ತೋರಿಸಿದ ಪಂದ್ಯ 1994ರ ಡಿಸೆಂಬರ್‌ನದು. ಬೇರೆ ಬೇರೆ ಹೋರಾಟ ಕಲೆಗಳವರು ಸೆಣಸುವ ಯುಎಫ್‌ಸಿ ಸ್ಪರ್ಧೆಯ ನಾಲ್ಕನೇ ಆವೃತ್ತಿಯ ಫೈನಲ್‌ನಲ್ಲಿ ಎಲಿಯೊ ಅವರ ಮಗ ರಾಯ್ಸ್ ಗ್ರೇಸಿಗೆ ಎದುರಾದವರು ಕುಸ್ತಿಪಟು ಡ್ಯಾನ್ ಸೆವರ್ನ್. ಸೆವರ್ನ್ ತೂಕ ರಾಯ್ಸ್‌ಗಿಂತ ಎಷ್ಟೋ ಜಾಸ್ತಿ. ಪಂದ್ಯದ ಬಹುಪಾಲು ಹೊತ್ತು ರಾಯ್ಸ್ ಅಂಗಾತ ಇದ್ದರು. ನೋಡುವವರಿಗೆ ಅವರು ಸೋಲುತ್ತಿದ್ದಾರೆ ಅನ್ನಿಸುವ ಹಾಗಿತ್ತು. ಹದಿನೈದು ನಿಮಿಷ ದಾಟಿದ ಮೇಲೆ ಕೆಳಗಿನಿಂದಲೇ ಟ್ರಯಾಂಗಲ್ (ಎದುರಾಳಿಯ ಕತ್ತು ಮತ್ತು ಒಂದು ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ ಬಿಗಿಯುವುದು) ಹಾಕಿ ಸೆವರ್ನ್ ಕೈಯಲ್ಲಿ ಟ್ಯಾಪ್ ಮಾಡಿಸಿದರು, ಅಂದರೆ ತಟ್ಟಿ ಸೋಲೊಪ್ಪುವ ಹಾಗೆ ಮಾಡಿದರು.

ಸ್ವೀಪ್, ಪಾಸ್, ಸಬ್ಮಿಷನ್: ಏನು ವ್ಯತ್ಯಾಸ?

ಗಾರ್ಡ್‌ನಲ್ಲಿ ಕೆಳಗಿರುವವರು ಮೇಲಿರುವವರನ್ನು ಉರುಳಿಸಿ ತಾವು ಮೇಲೆ ಬಂದರೆ ಅದು ಸ್ವೀಪ್. ಮೇಲಿರುವವರು ಆ ಕಾಲುಗಳ ಅಡ್ಡಿಯನ್ನು ದಾಟಿ ಪಕ್ಕಕ್ಕೋ ಎದೆಯ ಮೇಲಕ್ಕೋ ಬಂದರೆ ಅದು ಪಾಸ್. ಕೀಲನ್ನು ಮಡಿಸಿ ಅಥವಾ ಕತ್ತನ್ನು ಬಿಗಿದು ಎದುರಾಳಿ ಸೋಲೊಪ್ಪುವ ಹಾಗೆ ಮಾಡಿದರೆ ಸಬ್ಮಿಷನ್.

ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದಲ್ಲಿ ಸ್ವೀಪ್‌ಗೆ 2 ಅಂಕ, ಪಾಸ್‌ಗೆ 3, ಮೌಂಟ್‌ಗೆ (ಎದುರಾಳಿಯ ಮೈಮೇಲೆ ಎರಡೂ ಕಡೆ ಕಾಲು ಹಾಕಿ ಕೂರುವುದಕ್ಕೆ) 4, ಬೆನ್ನು ಹಿಡಿದರೆ 4. ನಿಂತಲ್ಲಿಂದ ಕೆಡವಿದರೆ 2, ಹೊಟ್ಟೆಯ ಮೇಲೆ ಮಂಡಿ ಊರಿದರೆ 2. ಯಾವುದೇ ಸ್ಥಾನವನ್ನು 3 ಸೆಕೆಂಡ್ ಹಿಡಿದು ನಿಲ್ಲಿಸಿದರೆ ಮಾತ್ರ ಅಂಕ. ಸಬ್ಮಿಷನ್ ಆದರೆ ಅಂಕ ಎಷ್ಟಿದ್ದರೂ ಪಂದ್ಯ ಅಲ್ಲಿಗೆ ಮುಗಿಯಿತು.

ಸ್ವೀಪ್‌ಗಿಂತ ಪಾಸ್‌ಗೆ ಒಂದು ಅಂಕ ಜಾಸ್ತಿ ಇರುವುದು ನನಗೆ ಸರಿ ಅನ್ನಿಸುತ್ತದೆ. ಸ್ವೀಪ್ ಆದ ಮೇಲೂ ನೀವು ಇನ್ನೊಬ್ಬರ ಗಾರ್ಡ್‌ನಲ್ಲೇ ಇರಬಹುದು. ಪಾಸ್ ಆದರೆ ಕಾಲಿನ ಕೋಟೆಯನ್ನೇ ದಾಟಿದ ಹಾಗೆ.

ಇಷ್ಟೊಂದು ಗಾರ್ಡ್‌ಗಳಲ್ಲಿ ಯಾವುದರಿಂದ ಶುರು ಮಾಡಲಿ?

ಕ್ಲೋಸ್ಡ್ ಗಾರ್ಡ್‌ನಿಂದ. ಎದುರಾಳಿಯ ಸೊಂಟವನ್ನು ಕಾಲುಗಳಿಂದ ಬಳಸಿ, ಅವರ ಬೆನ್ನ ಹಿಂದೆ ಪಾದಗಳನ್ನು ಕೊಂಡಿ ಹಾಕುವುದು. ಅವರು ಸುಲಭಕ್ಕೆ ಓಡಲಾರರು, ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ಆಮೇಲೆ ಹಾಫ್ ಗಾರ್ಡ್, ಅಂದರೆ ಎದುರಾಳಿಯ ಒಂದೇ ಕಾಲನ್ನು ನಿಮ್ಮ ಕಾಲುಗಳ ನಡುವೆ ಸಿಕ್ಕಿಸಿಕೊಳ್ಳುವುದು. ನೀವು ಬೇಡ ಅಂದರೂ ದಿನಾ ಅಲ್ಲಿಗೇ ಬಂದು ಸೇರುತ್ತೀರಿ! ಹಿಂದೆ ಹಾಫ್ ಗಾರ್ಡ್ ಎಂದರೆ ಅರ್ಧ ಸೋತ ಸ್ಥಿತಿ ಎನ್ನುತ್ತಿದ್ದರು. ಬ್ರೆಜಿಲ್‌ನ ರಾಬರ್ಟೊ 'ಗೋರ್ಡೊ' ಕೊರೆಯಾ ಮಂಡಿಗೆ ಪೆಟ್ಟಾದ ಕಾಲದಲ್ಲಿ ಅದೇ ಸ್ಥಿತಿಯಿಂದ ಸ್ವೀಪ್ ಮಾಡುವುದನ್ನು ಬೆಳೆಸಿದರು. ಈಗ ಅದು ದಾಳಿಯ ಗಾರ್ಡ್.

ಬಟರ್‌ಫ್ಲೈ, ಸ್ಪೈಡರ್, ಎಕ್ಸ್ ಗಾರ್ಡ್, ರಿಕಾರ್ಡೊ ಡೆ ಲಾ ರಿವಾ ಅವರ ಹೆಸರಿನಲ್ಲೇ ಇರುವ ಡೆ ಲಾ ರಿವಾ ಗಾರ್ಡ್, ಎಲ್ಲವೂ ಚಂದವೇ. ಒಂದು ವರ್ಷ ಕಾದರೆ ನಷ್ಟವೇನಿಲ್ಲ.

ಕಲಿಸುವಾಗ ಸ್ವೀಪ್ ಸಲೀಸಾಗಿ ಆಗುತ್ತದೆ. ನಿಜವಾಗಿ ಆಡುವಾಗ ಎದುರಾಳಿ ಅಲ್ಲಾಡುವುದೇ ಇಲ್ಲ. ಯಾಕೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

ನಾಲ್ಕು ಕಾಲಿನ ಮೇಜನ್ನು ನೆನೆಸಿಕೊಳ್ಳಿ. ಸುಮ್ನೆ ಪಕ್ಕದಿಂದ ತಳ್ಳಿದರೆ ಬೀಳುವುದಿಲ್ಲ. ಒಂದು ಪಕ್ಕದ ಎರಡು ಕಾಲು ತೆಗೆದರೆ ಬೆರಳಲ್ಲಿ ಮುಟ್ಟಿದರೂ ಆ ಕಡೆಗೇ ಉರುಳುತ್ತದೆ. ನಿಮ್ಮ ಗಾರ್ಡ್‌ನಲ್ಲಿ ಮಂಡಿಯೂರಿ ಕೂತವರೂ ಹಾಗೇ. ಎರಡು ಮಂಡಿ, ಎರಡು ಕೈ. ಬಲಕ್ಕೆ ಬೀಳಿಸಬೇಕೆಂದರೆ ಅವರ ಬಲಗೈಯೂ ಬಲಮಂಡಿಯೂ ಊರುಗೋಲಾಗಿ ಸಿಗಬಾರದು. ಹೊಸಬರು ಕಾಲಿಗೆ ಅಡ್ಡ ಕೊಡುತ್ತಾರೆ, ಕೈ ಮರೆತುಬಿಡುತ್ತಾರೆ. ಬೀಳುವ ಕ್ಷಣದಲ್ಲಿ ಎದುರಾಳಿ ಕೈ ಊರಿದರು, ಸ್ವೀಪ್ ಅಲ್ಲಿಗೆ ಸತ್ತಿತು.

ಇಷ್ಟೇ ಆದರೂ ಸಾಲದು. ತೂಕ ಅವರ ಹಿಮ್ಮಡಿಯ ಮೇಲಿದ್ದರೆ ನೀವು ಕಲ್ಲುಗುಂಡನ್ನು ಎತ್ತಿದ ಹಾಗೆ. ಮೊದಲು ಆ ತೂಕ ನಿಮ್ಮ ಮೇಲೆ ಬರಬೇಕು.

ಸಿಸರ್ ಸ್ವೀಪ್ ತೆಗೆದುಕೊಳ್ಳಿ. ನಿಮ್ಮ ಎಡಗೈಯಲ್ಲಿ ಅವರ ಬಲ ತೋಳಿನ ಬಟ್ಟೆ, ಬಲಗೈಯಲ್ಲಿ ಅವರ ಕೊರಳಪಟ್ಟಿ. ಸೊಂಟವನ್ನು ಪಕ್ಕಕ್ಕೆ ಸರಿಸಿ, ಬಲ ಮೊಣಕಾಲನ್ನು (ಮಂಡಿಯಿಂದ ಕಾಲ್ಗಿಣ್ಣಿನವರೆಗಿನ ಭಾಗವನ್ನು) ಅವರ ಹೊಟ್ಟೆಗೆ ಅಡ್ಡ ಇಡಿ. ಎಡಗಾಲು ಅವರ ಬಲಮಂಡಿಯ ಪಕ್ಕ ನೆಲದ ಮೇಲಿರಲಿ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ತಪ್ಪುವುದು ಮುಂದಿನ ಹೆಜ್ಜೆ: ಕತ್ತರಿ ಆಡಿಸುವ ಮೊದಲು ಎರಡೂ ಕೈಯಿಂದ ಅವರನ್ನು ನಿಮ್ಮತ್ತ ಎಳೆಯಬೇಕು. ಅವರ ಎದೆಯ ಭಾರ ನಿಮ್ಮ ಮೊಣಕಾಲಿನ ಮೇಲೆ ಬಂದು ಕೂರಬೇಕು, ಅವರ ಮಂಡಿಗಳು ಹಗುರಾಗಬೇಕು. ಆಗ ಮೇಲಿನ ಕಾಲು ತಳ್ಳಲಿ, ಕೆಳಗಿನ ಕಾಲು ಅವರ ಮಂಡಿಯನ್ನು ಗುಡಿಸಲಿ. ಅವರು ತಮ್ಮ ಬಲಕ್ಕೆ ಬೀಳುತ್ತಾರೆ. ಊರೋಣವೆಂದರೆ ಬಲಗೈ ನಿಮ್ಮ ಹಿಡಿತದಲ್ಲಿದೆ.

ಎದುರಾಳಿ ಮುಂದಕ್ಕೆ ಬಾಗುವುದೇ ಇಲ್ಲ, ಬೆನ್ನು ನೆಟ್ಟಗೆ ಮಾಡಿ ಹಿಂದೆ ಕೂರುತ್ತಾರೆ. ಆಗ?

ಒಳ್ಳೆಯದೇ ಆಯಿತು. ತೂಕ ಹಿಂದಿದೆ ಎಂದರೆ ಹಿಂದಕ್ಕೇ ಕೆಡವಬಹುದು. ಹಿಪ್ ಬಂಪ್ ಸ್ವೀಪ್ ಇರುವುದೇ ಇದಕ್ಕೆ. ಪಾದದ ಕೊಂಡಿ ಬಿಚ್ಚಿ, ಒಂದು ಕೈ ಹಿಂದೆ ಊರಿ ಎದ್ದು ಕೂತುಕೊಳ್ಳಿ. ಇನ್ನೊಂದು ಕೈ ಅವರ ಭುಜದ ಮೇಲಿಂದ ಹೋಗಿ ತೋಳನ್ನು ಮೊಣಕೈಯ ಮೇಲೆ ಬಿಗಿಯಾಗಿ ಹಿಡಿಯಲಿ. ಈಗ ಸೊಂಟ ಮೇಲೆತ್ತಿ ಅವರ ಹೊಟ್ಟೆಗೆ ಗುದ್ದಿ, ಹಿಡಿದ ತೋಳಿನ ಕಡೆಗೆ ತಿರುಗಿ.

ಸ್ವೀಪ್ ಮತ್ತು ಸಬ್ಮಿಷನ್ ಬೇರೆ ಬೇರೆ ಪಾಠ ಅಲ್ಲ ಎಂದು ನನಗೆ ಗೊತ್ತಾದದ್ದು ಇಲ್ಲೇ. ಹಿಪ್ ಬಂಪ್ ತಡೆಯಲು ಅವರು ಆ ಕೈಯನ್ನು ನೆಲಕ್ಕೆ ಊರಿದರೋ, ಮಣಿಕಟ್ಟು ಹಿಡಿದು ಕಿಮುರಾ, ಅಂದರೆ ಭುಜ ತಿರುಚುವ ಬೀಗ. ಕೈ ಊರದೆ ತಲೆ ತಗ್ಗಿಸಿ ನಿಮ್ಮನ್ನು ಹಿಂದಕ್ಕೆ ತಳ್ಳಿದರೋ, ಕತ್ತು ತಾನಾಗೇ ನಿಮ್ಮ ಕಂಕುಳಿಗೆ ಬಂತು, ಅದನ್ನು ತೋಳಿನಿಂದ ಬಿಗಿದರೆ ಗಿಲೊಟಿನ್. ಏನೂ ಮಾಡದಿದ್ದರೆ ಬಿದ್ದರು, ನೀವು ಮೌಂಟ್‌ನಲ್ಲಿ. ಮೂರು ದಾರಿ, ಮೂರಕ್ಕೂ ಬಾಗಿಲು ಒಂದೇ. ಒಂಟಿ ತಂತ್ರಗಳನ್ನು ಹತ್ತು ಕಲಿಯುವುದಕ್ಕಿಂತ ಇಂಥ ಒಂದು ಗೊಂಚಲು ಕಲಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬಟರ್‌ಫ್ಲೈ ಸ್ವೀಪ್ ಮಾಡಿದರೆ ಎದುರಾಳಿ ನನ್ನ ಮೇಲೇ ಕುಸಿಯುತ್ತಾರೆ.

ಬಟರ್‌ಫ್ಲೈ ಗಾರ್ಡ್ ಎಂದರೆ ಕೂತು, ಎರಡೂ ಪಾದಗಳನ್ನು ಎದುರಾಳಿಯ ತೊಡೆಗಳ ಒಳಬದಿಗೆ ಕೊಕ್ಕೆಯಂತೆ ಇಡುವುದು. ನೀವು ನೇರ ಹಿಂದಕ್ಕೆ ಮಲಗುತ್ತಿದ್ದೀರಿ. ಭುಜ ನೆಲಕ್ಕೆ ತಾಗುವಂತೆ ಪಕ್ಕಕ್ಕೆ ವಾಲಿ, ಆಮೇಲೆ ಆಚೆ ಕಡೆಯ ಕಾಲಿನ ಕೊಕ್ಕೆಯಿಂದ ಎತ್ತಿ.

ಸ್ವೀಪ್ ಮಾಡಿ ಮೇಲೆ ಬರುತ್ತೇನೆ, ಮರುಕ್ಷಣ ಮತ್ತೆ ಕೆಳಗಿರುತ್ತೇನೆ!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಹಾಗೆ. ಉರುಳಿಸುವ ಖುಷಿಯಲ್ಲಿ ಹಿಡಿತ ಬಿಟ್ಟುಬಿಡುತ್ತೀರಿ. ಯಾವ ತೋಳನ್ನು ಹಿಡಿದು ಬೀಳಿಸಿದಿರೋ ಆ ಹಿಡಿತ ಮೇಲೆ ಬಂದ ಮೇಲೂ ಇರಲಿ. ಸೊಂಟ ತಗ್ಗಿಸಿ, ಮಂಡಿ ಅಗಲಿಸಿ, ಮೂರು ಸೆಕೆಂಡ್ ಮನಸ್ಸಿನಲ್ಲೇ ಎಣಿಸಿ.

ಕ್ಲೋಸ್ಡ್ ಗಾರ್ಡ್ ಬಿಚ್ಚುವುದು ಹೇಗೆ? ಮೊಣಕೈಯಿಂದ ತೊಡೆ ಒತ್ತಿದರೆ ಬಿಡುತ್ತಾರಾ?

ನೋವಿಗೆ ಹೆದರುವವರು ಬಿಡುತ್ತಾರೆ. ಉಳಿದವರು ಆ ಮೊಣಕೈಯನ್ನೇ ಎಳೆದು ಆರ್ಮ್‌ಬಾರ್ (ತೋಳನ್ನು ನೆಟ್ಟಗೆ ಮಾಡಿ ಮೊಣಕೈ ಕೀಲನ್ನು ಒತ್ತುವ ಬೀಗ) ಹಾಕುತ್ತಾರೆ. ಆ ಅಭ್ಯಾಸ ಬೇಡ.

ಮೊದಲ ಕೆಲಸ ಬೆನ್ನು ನೆಟ್ಟಗೆ ಮಾಡುವುದು. ಬಾಗಿದ ಬೆನ್ನಿನಿಂದ ಯಾವ ಗಾರ್ಡೂ ಬಿಚ್ಚುವುದಿಲ್ಲ. ನೋಟ ಮೇಲೆ, ಮೊಣಕೈ ನಿಮ್ಮ ಪಕ್ಕೆಗೆ ಅಂಟಿರಲಿ. ಕೈಯನ್ನು ನೆಲಕ್ಕೆ ಊರಲೇಬೇಡಿ. ಹಿಪ್ ಬಂಪ್‌ಗೂ ಕಿಮುರಾಗೂ ನೀವೇ ಆಹ್ವಾನ ಕೊಟ್ಟ ಹಾಗೆ.

ಆಮೇಲೆ ಎದ್ದು ನಿಲ್ಲುವುದು. ಅವರ ಒಂದು ತೋಳಿನ ಬಟ್ಟೆ ಹಿಡಿದು, ಅದೇ ಪಕ್ಕದ ಕಾಲನ್ನು ಮೊದಲು ಊರಿ. ಆ ಕೈ ನಿಮ್ಮ ವಶದಲ್ಲಿರುವುದರಿಂದ ಅವರು ಕಾಲ್ಗಿಣ್ಣು ಹಿಡಿದು ಬೀಳಿಸಲಾರರು. ನಿಂತ ಮೇಲೆ ಸೊಂಟ ಮುಂದೆ ಚಾಚಿ, ಇನ್ನೊಂದು ಕೈಯಿಂದ ಅವರ ಮಂಡಿಯನ್ನು ಕೆಳಕ್ಕೆ ಒತ್ತಿ. ಅವರ ದೇಹದ ತೂಕವೇ ಆ ಕೊಂಡಿಯನ್ನು ಎಳೆಯುತ್ತದೆ. ಬಿಚ್ಚಿದ ಕೂಡಲೇ ನಿಮ್ಮ ಮಂಡಿ ನಡುವೆ ಹೋಗಬೇಕು, ಇಲ್ಲದಿದ್ದರೆ ಮತ್ತೆ ಮುಚ್ಚಿಬಿಡುತ್ತಾರೆ. ಕೂತೇ ಬಿಚ್ಚುವ ದಾರಿಗಳೂ ಇವೆ. ನನ್ನ ಅನುಭವದಲ್ಲಿ ನಿಂತು ಬಿಚ್ಚುವುದನ್ನು ಮೊದಲು ಕಲಿತವರಿಗೆ ಮುಂದೆ ಎಲ್ಲ ಪಾಸ್‌ಗಳೂ ಸುಲಭವಾಗುತ್ತವೆ.

ಯಾವ ಪಾಸ್ ಕಲಿಯಲಿ?

ಎರಡು ಸಾಕು: ಒಂದು ದೂರದಿಂದ, ಒಂದು ಹತ್ತಿರದಿಂದ.

ದೂರದ್ದು ಟೊರಿಯಾಂಡೊ. ಗೂಳಿ ಕಾಳಗದವರು ಬಟ್ಟೆ ಬೀಸುವ ಹಾಗೆ, ಎರಡೂ ಕಾಲನ್ನು ಮಂಡಿಯ ಬಳಿ ಹಿಡಿದು ಒಂದು ಕಡೆ ಎಸೆದು ನೀವು ಇನ್ನೊಂದು ಕಡೆ ಹೋಗುವುದು. ಓಡುವುದು ಎಲ್ಲರಿಗೂ ಬರುತ್ತದೆ. ಓಡಿದ ಮೇಲೆ ಭುಜದ ಭಾರವನ್ನು ಅವರ ಸೊಂಟದ ಮೇಲೆ ಇಳಿಸುವುದನ್ನು ಮರೆಯುತ್ತಾರೆ. ಕಾಲು ದಾಟಿದ ಮಾತ್ರಕ್ಕೆ ಪಾಸ್ ಆಗುವುದಿಲ್ಲ, ಅವರ ಸೊಂಟ ಅಲ್ಲಾಡದೆ ನಿಂತರೆ ಪಾಸ್. ಸೊಂಟ ಬಿಡುವಾಗಿದ್ದರೆ ಅವರು ತಿರುಗಿ ಮತ್ತೆ ಕಾಲು ಅಡ್ಡ ತರುತ್ತಾರೆ.

ಹತ್ತಿರದ್ದು ನೀ ಕಟ್. ನಿಮ್ಮ ಮಂಡಿ ಅವರ ತೊಡೆಯನ್ನು ಕೊಯ್ದ ಹಾಗೆ ಓರೆಯಾಗಿ ನೆಲಕ್ಕೆ ಜಾರಬೇಕು. ಇಲ್ಲಿ ಜಗಳವೆಲ್ಲ ಕಂಕುಳಿನದು. ಅವರ ಆಚೆ ಪಕ್ಕದ ಕಂಕುಳ ಕೆಳಗೆ ನಿಮ್ಮ ಕೈ ಹೋದರೆ ಅವರು ಬೆನ್ನ ಮೇಲೇ ಉಳಿಯುತ್ತಾರೆ. ನಿಮ್ಮ ಕಂಕುಳ ಕೆಳಗೆ ಅವರ ಕೈ ಬಂದರೆ ಎದ್ದು ನಿಮ್ಮ ಬೆನ್ನು ಹಿಡಿಯುತ್ತಾರೆ. ಹಾಗಾಗಿ ಕೈ ಮೊದಲು, ಮಂಡಿ ಆಮೇಲೆ.

ಭಾರ ಹಾಕಿ ನಿಧಾನಕ್ಕೆ ಆಡುವ ಸ್ವಭಾವದವರಿಗೆ ಓವರ್-ಅಂಡರ್ ಪಾಸ್ ಇದೆ. ಒಂದು ಕಾಲಿನ ಮೇಲಿಂದ ಒಂದು ಕೈ, ಇನ್ನೊಂದು ಕಾಲಿನ ಕೆಳಗಿಂದ ಇನ್ನೊಂದು ಕೈ, ಭುಜ ಅವರ ಹೊಟ್ಟೆಯ ಮೇಲೆ. ಅವಸರವೇ ಬೇಡ.

ಪಾಸ್ ಮಾಡಲು ಹೋದಾಗೆಲ್ಲ ಟ್ರಯಾಂಗಲ್‌ಗೆ ಸಿಕ್ಕಿಬೀಳುತ್ತೇನೆ.

ಒಂದು ಕೈ ಅವರ ಕಾಲುಗಳ ಒಳಗೆ, ಒಂದು ಹೊರಗೆ ಇದ್ದರೆ ಟ್ರಯಾಂಗಲ್‌ಗೆ ಜಾಗ ಕೊಟ್ಟ ಹಾಗೆ. ಎರಡೂ ಒಳಗಿರಲಿ, ಇಲ್ಲವೇ ಎರಡೂ ಹೊರಗಿರಲಿ. ಒಂದು ಕಾಲಿನ ಅಡಿಯಲ್ಲಿ ಕೈ ಹಾಕಿ ಪಾಸ್ ಮಾಡಲೇಬೇಕಾದಾಗ ಆ ಕಾಲನ್ನು ಭುಜದ ಮೇಲೆ ಹೊತ್ತು, ಬೆನ್ನು ನೆಟ್ಟಗಿಟ್ಟು, ಇನ್ನೊಂದು ಮೊಣಕೈಯನ್ನು ಅವರ ತೊಡೆಗೆ ಒತ್ತಿ ಇಟ್ಟುಕೊಳ್ಳಿ.

ನನ್ನ ಗಾರ್ಡ್ ಪಾಸ್ ಆಗುತ್ತಿದೆ ಅನ್ನಿಸಿದಾಗ ಏನು ಮಾಡಲಿ?

ಬೇಗ ಮಾಡಿ. ಪಾದ ದಾಟಿದರೆ ಮೊಣಕಾಲು ಇದೆ, ಮೊಣಕಾಲು ದಾಟಿದರೆ ಕೈಗಳಿವೆ. ಒಂದು ಮುಂಗೈ ಅವರ ಕತ್ತಿಗೆ, ಇನ್ನೊಂದು ಅವರ ಸೊಂಟಕ್ಕೆ ಅಡ್ಡ ಕೊಡಿ. ಅವರನ್ನು ದೂರ ತಳ್ಳಲು ಹೋಗಬೇಡಿ, ಅವರು ಭಾರ. ನೀವೇ ಸೊಂಟವನ್ನು ದೂರ ಸರಿಸಿ, ಸಿಕ್ಕ ಜಾಗದಲ್ಲಿ ಮಂಡಿ ತೂರಿಸಿ. ಎದೆಗೆ ಎದೆ ಅಂಟಿದ ಮೇಲೆ ಇದೇ ಕೆಲಸಕ್ಕೆ ಹತ್ತು ಪಟ್ಟು ಶಕ್ತಿ ಬೇಕು.

ಮೊದಲು ಯಾವ ಸಬ್ಮಿಷನ್ ಕಲಿಯಬೇಕು?

ಬೆನ್ನಿನಿಂದ ರಿಯರ್ ನೇಕೆಡ್ ಚೋಕ್ (ಹಿಂದಿನಿಂದ ತೋಳಿನಲ್ಲಿ ಕತ್ತು ಬಿಗಿಯುವುದು), ಗಾರ್ಡ್‌ನಿಂದ ಆರ್ಮ್‌ಬಾರ್ ಮತ್ತು ಟ್ರಯಾಂಗಲ್, ಗಿ (ಅಭ್ಯಾಸದ ದಪ್ಪ ಅಂಗಿ-ಪೈಜಾಮ) ಹಾಕಿದ್ದರೆ ಮೌಂಟ್‌ನಿಂದ ಕ್ರಾಸ್ ಕಾಲರ್ ಚೋಕ್ (ಕೊರಳಪಟ್ಟಿಯನ್ನು ಕೈ ಅಡ್ಡ ಹಾಕಿ ಹಿಡಿದು ಕತ್ತು ಬಿಗಿಯುವುದು). ಕೊನೆಯದನ್ನು 'ಮೊದಲ ವಾರದ ಪಾಠ' ಎಂದು ಹಗುರಾಗಿ ನೋಡಬೇಡಿ. ರೋಜರ್ ಗ್ರೇಸಿ ಬ್ಲ್ಯಾಕ್ ಬೆಲ್ಟ್ ವಿಶ್ವ ಚಾಂಪಿಯನ್‌ಗಳನ್ನೇ ಅದೇ ಚೋಕ್‌ನಿಂದ ಸೋಲಿಸಿದವರು. ಅದು ಬರುತ್ತದೆ ಎಂದು ಎದುರಾಳಿಗೆ ಗೊತ್ತಿದ್ದರೂ ತಡೆಯಲಾಗುತ್ತಿರಲಿಲ್ಲ.

ಆರ್ಮ್‌ಬಾರ್ ಕೊನೆಯ ಕ್ಷಣದಲ್ಲಿ ಜಾರಿಹೋಗುತ್ತದೆ.

ನಿಮ್ಮ ಮಂಡಿಗಳು ತೆರೆದಿರುತ್ತವೆ, ಅಥವಾ ಸೊಂಟ ಅವರ ಭುಜದಿಂದ ದೂರ ಇರುತ್ತದೆ. ಎರಡನ್ನೂ ಸರಿ ಮಾಡಿ. ಅವರ ಮೊಣಕೈ ನಿಮ್ಮ ಸೊಂಟದ ಗೆರೆ ದಾಟಿ ಆಚೆ ಹೋಯಿತೋ, ಕೀಲು ತಪ್ಪಿಸಿಕೊಂಡಿತು. ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು, ಅವರ ಹೆಬ್ಬೆರಳು ಆಕಾಶ ನೋಡುವಂತೆ ತಿರುಗಿಸಿ, ನಿಧಾನವಾಗಿ ಸೊಂಟ ಎತ್ತಿ. ಕೈಯಿಂದ ಎಳೆಯುವ ಆಟ ಇದಲ್ಲ.

ನನ್ನ ಕಾಲು ಗಿಡ್ಡ. ಟ್ರಯಾಂಗಲ್ ನನಗೆ ಆಗುತ್ತಾ?

ಆಗುತ್ತದೆ. ಟ್ರಯಾಂಗಲ್ ಬಿಗಿಯಾಗುವುದು ಕಾಲಿನ ಉದ್ದದಿಂದಲ್ಲ, ಕೋನದಿಂದ. ಎದುರಾಳಿಯ ಮುಖಕ್ಕೆ ಮುಖ ಕೊಟ್ಟು ಮಲಗಿದರೆ ಎಷ್ಟು ಉದ್ದದ ಕಾಲಿದ್ದರೂ ಸಡಿಲ. ಅವರ ಕಾಲಿನ ಕೆಳಗೆ ಕೈ ಹಾಕಿ ಕೊಕ್ಕೆ ಮಾಡಿ, ಅವರ ಕಿವಿ ಕಾಣುವಷ್ಟು ಪಕ್ಕಕ್ಕೆ ತಿರುಗಿ. ಆಗ ನಿಮ್ಮ ಮೊಣಕಾಲು ಅವರ ಕತ್ತಿನ ಹಿಂದೆ ಅಡ್ಡ ಬೀಳುತ್ತದೆ, ಇನ್ನೊಂದು ಮಂಡಿಯ ಮಡಿಕೆಗೆ ಕಾಲ್ಗಿಣ್ಣು ಸಿಗುತ್ತದೆ. ಬೀಗ ಪಾದದ ಬೆರಳುಗಳ ಬಳಿ ಬೀಳಬಾರದು, ನಿಮ್ಮ ಕಾಲ್ಗಿಣ್ಣಿಗೇ ಪೆಟ್ಟಾಗುತ್ತದೆ. ಕತ್ತಿನ ಒಂದು ಬದಿಯನ್ನು ಒತ್ತುವುದು ನಿಮ್ಮ ತೊಡೆ, ಇನ್ನೊಂದು ಬದಿಯನ್ನು ಒತ್ತುವುದು ಅವರದೇ ಭುಜ. ಅದಕ್ಕೇ ಅವರ ಒಂದು ಕೈ ಒಳಗಿರಬೇಕು ಎನ್ನುವುದು.

ಚೋಕ್ ಎಂದರೆ ಉಸಿರು ಕಟ್ಟಿಸುವುದಾ? ಅಪಾಯ ಅಲ್ವಾ?

ಚೆನ್ನಾಗಿ ಹಾಕಿದ ಚೋಕ್ ಗಂಟಲನ್ನು ಹಿಸುಕುವುದಿಲ್ಲ. ಕತ್ತಿನ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳನ್ನು ಒತ್ತುತ್ತದೆ. ಪೂರ್ತಿ ಬಿಗಿದರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪಬಹುದು. ನೋವು ಕಮ್ಮಿ ಇರುವುದರಿಂದಲೇ ಟ್ಯಾಪ್ ಮಾಡಲು ತಡಮಾಡುತ್ತಾರೆ. ಜೊತೆಗಾರರ ಕೈ ಸಡಿಲವಾದದ್ದು ಕಂಡರೆ ಟ್ಯಾಪ್‌ಗೆ ಕಾಯದೆ ತಕ್ಷಣ ಬಿಡಿ. ಎಚ್ಚರ ತಪ್ಪಿದವರ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಬೇಕು. ಬೇಗ ಚೇತರಿಸಿಕೊಳ್ಳದಿದ್ದರೆ ಡಾಕ್ಟರ್ ಬೇಕು.

ಕಿಮುರಾ ಎಂಬ ಹೆಸರು ಎಲ್ಲಿಂದ ಬಂತು?

ಜಪಾನಿನ ಜೂಡೋ ದಿಗ್ಗಜ ಮಸಾಹಿಕೊ ಕಿಮುರಾ 1951ರಲ್ಲಿ ರಿಯೊ ಡಿ ಜನೈರೊದಲ್ಲಿ ಎಲಿಯೊ ಗ್ರೇಸಿಯನ್ನು ಎದುರಿಸಿದರು. ಭುಜ ತಿರುಚುವ ಈ ಬೀಗದಲ್ಲಿ ಎಲಿಯೊ ಅವರ ತೋಳು ಮುರಿಯಿತು. ಅವರು ಟ್ಯಾಪ್ ಮಾಡಲಿಲ್ಲ. ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಸೋಲಿಸಿದವರ ಹೆಸರನ್ನೇ ಸೋತವರ ಕಡೆಯವರು ಆ ಬೀಗಕ್ಕೆ ಇಟ್ಟು ಉಳಿಸಿಕೊಂಡರು. ಈ ಕಲೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಹೀಲ್ ಹುಕ್ ಕಲಿಯಬಹುದಾ?

ಆರಂಭದಲ್ಲಿ ಬೇಡ. ಹಿಮ್ಮಡಿಯನ್ನು ತಿರುಗಿಸಿದರೆ ಪೆಟ್ಟು ಬೀಳುವುದು ಮಂಡಿಯ ಒಳಗೆ. ಜೋರಾಗಿ ನೋವು ತಿಳಿಯುವ ಹೊತ್ತಿಗೆ ಒಳಗಿನ ಕಟ್ಟು ಹರಿದಿರಬಹುದು. ಐಬಿಜೆಜೆಎಫ್ ಸ್ಪರ್ಧೆಯಲ್ಲಿ ಗಿ ಹಾಕಿ ಆಡುವಾಗ ಯಾವ ಬೆಲ್ಟಿಗೂ ಇದಕ್ಕೆ ಅನುಮತಿ ಇಲ್ಲ. ಗಿ ಇಲ್ಲದ ಆಟದಲ್ಲಿ 2021ರಿಂದ ವಯಸ್ಕರ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ಗಳಿಗೆ ಮಾತ್ರ ಇದೆ. ವೈಟ್ ಬೆಲ್ಟ್‌ನವರು ಕಾಲಿನ ಆಟ ಕಲಿಯಬೇಕೆಂದರೆ ನೇರ ಆಂಕಲ್ ಲಾಕ್ (ಕಾಲ್ಗಿಣ್ಣಿನ ಬೀಗ) ಸಾಕು.

ಟ್ಯಾಪ್ ಯಾವಾಗ ಮಾಡಬೇಕು?

ಬೀಗ ಬಿದ್ದಿದೆ, ಬಿಡಿಸಿಕೊಳ್ಳುವ ದಾರಿ ಇಲ್ಲ ಎಂದು ಗೊತ್ತಾದಾಗ. ನೋವಿಗೆ ಕಾಯಬೇಡಿ. ಎದುರಾಳಿಯ ಮೈಮೇಲೆ ಎರಡು ಮೂರು ಸಲ ಗೊತ್ತಾಗುವಂತೆ ತಟ್ಟಿ. ಕೈ ಸಿಗದಿದ್ದರೆ ಬಾಯಲ್ಲಿ ಜೋರಾಗಿ ಹೇಳಿ. ಶುರುವಿನ ದಿನಗಳಲ್ಲಿ ನಾನು ಒಂದು ಆರ್ಮ್‌ಬಾರ್‌ಗೆ ತಡಮಾಡಿ ಟ್ಯಾಪ್ ಮಾಡಿದೆ. ಮೊಣಕೈ ಎರಡು ತಿಂಗಳು ಪೂರ್ತಿ ಮಡಚಲು ಬರಲಿಲ್ಲ. ಆ ಎರಡು ತಿಂಗಳ ಅಭ್ಯಾಸ ಹೋಯಿತಲ್ಲ ಎಂಬ ಬೇಸರ ಇವತ್ತಿಗೂ ಇದೆ. ಬೀಗ ಹಾಕುವವರ ಜವಾಬ್ದಾರಿ ಇದಕ್ಕಿಂತ ದೊಡ್ಡದು. ಹಿಡಿಯುವುದು ಬೇಗ ಆಗಲಿ, ಒತ್ತುವುದು ನಿಧಾನವಾಗಲಿ.

ಗಿ ಇಲ್ಲದೆ ಆಡಿದರೆ ಇದೆಲ್ಲ ಬದಲಾಗುತ್ತಾ?

ಹಿಡಿತ ಬದಲಾಗುತ್ತದೆ. ಬಟ್ಟೆಯ ಬದಲು ಮಣಿಕಟ್ಟು, ಕತ್ತಿನ ಹಿಂಭಾಗ, ಕಂಕುಳು. ಬೆವರಿಗೆ ಎಲ್ಲವೂ ಜಾರುವುದರಿಂದ ವೇಗ ಜಾಸ್ತಿ. ಮೇಜಿನ ಕಾಲಿನ ಲೆಕ್ಕ ಮಾತ್ರ ಅದೇ.

ಕೇಳಿದ್ದು ಅರ್ಥವಾಯಿತು. ಮೈಗೆ ಹತ್ತುವುದು ಹೇಗೆ?

ಪೂರ್ತಿ ಪಂದ್ಯ ಮಾತ್ರ ಆಡುತ್ತಿದ್ದರೆ ಗಾರ್ಡ್‌ನಲ್ಲಿ ಕಳೆಯುವ ಹೊತ್ತು ಕಮ್ಮಿ. ಒಬ್ಬ ಜೊತೆಗಾರರನ್ನು ಒಪ್ಪಿಸಿ, ಗಾರ್ಡ್‌ನಿಂದಲೇ ಶುರು ಮಾಡಿ. ಕೆಳಗಿರುವವರ ಕೆಲಸ ಸ್ವೀಪ್ ಅಥವಾ ಸಬ್ಮಿಷನ್, ಮೇಲಿರುವವರದು ಪಾಸ್. ಯಾವುದಾದರೂ ಒಂದು ಆದ ಕೂಡಲೇ ನಿಲ್ಲಿಸಿ, ಮತ್ತೆ ಅಲ್ಲಿಂದಲೇ. ಮೂರು ನಿಮಿಷ ಆದ ಮೇಲೆ ಜಾಗ ಅದಲುಬದಲು. ಅರ್ಧ ಶಕ್ತಿಯಲ್ಲಿ ಆಡಿ. ಪ್ರತಿ ಸಲ ನಿಲ್ಲಿಸಿದಾಗ ಒಬ್ಬರನ್ನೊಬ್ಬರು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೀಳುವ ಮೊದಲು ನನ್ನ ತೂಕ ಎಲ್ಲಿತ್ತು? ಮೊದಲ ವಾರ ಉತ್ತರ ಹೇಳಲು ಬರುವುದಿಲ್ಲ. ಮೂರನೇ ವಾರದ ಹೊತ್ತಿಗೆ ಆಡುವಾಗಲೇ ಹೇಳಲು ಬರುತ್ತದೆ.